ಎರಡು ಅರ್ಜಿಗಳು

2025ನೆಯ ಇಸವಿಯ ಬೇಸಗೆಯಲ್ಲಿ ಚಾಮರಾಜಪೇಟೆಯ ಒಂದು ಹಳೆಯ ಮನೆಯಿಂದ ಎರಡು ಅರ್ಜಿಗಳು ಹೊರಟವು. ಒಂದು ಮಗಳದು. ಅದರಲ್ಲಿ ಸೋಜಿಗವೇನೂ ಇಲ್ಲ, ಪಿ.ಯು.ಸಿ. ಮುಗಿಸಿ ಸಿ.ಇ.ಟಿ. ಬರೆದ ಹದಿನೆಂಟರ ಹುಡುಗಿ ಎಂಜಿನಿಯರಿಂಗ್ ಕಾಲೇಜುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂರುವುದು ಬೆಂಗಳೂರಿನ ಮನೆಗಳಲ್ಲಿ ಉಪ್ಪಿನಕಾಯಿ ಹಾಕುವಷ್ಟೇ ನಿಯತವಾದ ಬೇಸಗೆಯ ಕಾರ್ಯ. ಎರಡನೆಯದು ತಾಯಿಯದು. ಆಕೆಗೆ ಮೂವತ್ತೊಂಬತ್ತು ವಯಸ್ಸು. 2004ರಲ್ಲಿ ಪಿ.ಯು.ಸಿ. ತೇರ್ಗಡೆಯಾಗಿ, ಬಿ.ಎಸ್‌ಸಿ. ತರಗತಿಗೆ ಸೇರಿ, ಮೊದಲ ವರ್ಷ ಮುಗಿಯುತ್ತಲೇ ಮದುವೆಯಾಗಿ ಈ ಮನೆಗೆ ಬಂದವಳು. ಮಗಳ ತರುವಾಯ ಒಬ್ಬ ಮಗ. ಅವನದು ಈಗ ಏಳನೆಯ ತರಗತಿ. ಆಕೆ ಅರ್ಜಿ ಹಾಕಿದ್ದು ಫಿಜಿಷಿಯನ್ ಅಸಿಸ್ಟೆಂಟ್ ಎಂಬ ಪದವಿಗೆ. ಕನ್ನಡದಲ್ಲಿ ವೈದ್ಯಸಹಾಯಕ ಎನ್ನಬಹುದು.

ಚಾಮರಾಜಪೇಟೆಯ ಗೃಹಿಣಿಗೆ ಆಸ್ಪತ್ರೆಯು ಪರದೇಶವಲ್ಲ. 1900ರಲ್ಲಿ ಲಾರ್ಡ್ ಕರ್ಜನ್ ಬಂದು ತೆರೆದ ವಿಕ್ಟೋರಿಯಾ ಆಸ್ಪತ್ರೆಯೂ, 1935ರಲ್ಲಿ ಅದರ ಮಗ್ಗುಲಲ್ಲಿಯೇ ಎದ್ದ ವಾಣಿವಿಲಾಸವೂ ಕಾಲುನಡಿಗೆಯ ದೂರದಲ್ಲಿವೆ. ಊರ ಕಡೆಯಿಂದ ಚಿಕಿತ್ಸೆಗೆಂದು ಬಂದ ನೆಂಟರು ಈ ಪೇಟೆಯ ಮನೆಗಳಲ್ಲಿಯೇ ಇಳಿಯುವುದು ವಾಡಿಕೆ. ಅವರಿಗೆ ಗಂಜಿ ಕಾಸಿ, ಫ್ಲಾಸ್ಕಿನಲ್ಲಿ ತುಂಬಿ, ವಾರ್ಡಿನ ಬಾಗಿಲಲ್ಲಿ ಕಾದು ನಿಲ್ಲುವುದು ಸೊಸೆಯರ ಪಾಲಿನ ಕೆಲಸ. ಆಕೆಯೂ ಅದನ್ನು ಮಾಡಿದವಳೇ. ಆದರೆ ಆಕೆಯ ನಿಜವಾದ ಪಾಠ ನಡೆದದ್ದು ಮನೆಯ ನಡುಕೋಣೆಯಲ್ಲಿ. ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಅದರಿಂದ ಮೂತ್ರಪಿಂಡ ಕೆಟ್ಟಿತು. ಆರು ವರ್ಷ ಶುಶ್ರೂಷೆ. ಅದರಲ್ಲಿ ಕೊನೆಯ ಮೂರು ವರ್ಷ ವಾರಕ್ಕೆ ಮೂರು ಸಲ ಡಯಾಲಿಸಿಸ್.

ಆ ಮೂರು ವರ್ಷಗಳಲ್ಲಿ ಆಕೆ ಕಲಿತದ್ದನ್ನು ಯಾವ ಪತ್ರವೂ ಹೇಳುವುದಿಲ್ಲ. ದಿನಕ್ಕೆ ಕುಡಿಯುವ ನೀರು ಎಷ್ಟೆಂದು ಲೋಟದಲ್ಲಿ ಅಳೆದಿಡಬೇಕು. ಎಳನೀರು, ಬಾಳೆಹಣ್ಣು ಕೂಡದು. ತರಕಾರಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಬೇಕು. ಪೊಟಾಸಿಯಂ ಏರಿದರೆ ಹೃದಯಕ್ಕೆ ಅಪಾಯ. ಮುಂಗೈಯಲ್ಲಿ ರಕ್ತನಾಳಗಳನ್ನು ಸೇರಿಸಿ ಮಾಡಿದ ಫಿಸ್ಟುಲಾದ ಮೇಲೆ ದಿನವೂ ಬೆರಳಿಟ್ಟು, ಬೆಕ್ಕು ಗುರುಗುಟ್ಟುವಂಥ ಆ ಸಣ್ಣ ಕಂಪನ ಇದೆಯೇ ಎಂದು ನೋಡಬೇಕು. ಅದು ನಿಂತರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಒಂದು ದಿನ ಹೊಸಬನೊಬ್ಬ ರಕ್ತದ ಒತ್ತಡ ನೋಡಲು ಪಟ್ಟಿಯನ್ನು ಅದೇ ಕೈಗೆ ಸುತ್ತಹೊರಟಾಗ ಆಕೆ ಅವನ ಕೈಯನ್ನೇ ಹಿಡಿದು ನಿಲ್ಲಿಸಿದಳು. ಅವನು ಸಿಟ್ಟಾದನು, ಆದರೆ ಆಕೆ ಮಾಡಿದ್ದು ಸರಿಯಾಗಿತ್ತು.

ಆ ಆಸ್ಪತ್ರೆಯಲ್ಲಿಯೇ ಬಿಳಿಯ ಕೋಟು ತೊಟ್ಟ ಇಪ್ಪತ್ತೈದರ ಹುಡುಗಿಯೊಬ್ಬಳು ದಿನವೂ ಬೆಳಿಗ್ಗೆ ಬರುತ್ತಿದ್ದಳು. ರೋಗಿಯ ಪೂರ್ವಾಪರ ಕೇಳುವಳು, ಪರೀಕ್ಷಿಸುವಳು, ಬರೆದುಕೊಳ್ಳುವಳು, ದೊಡ್ಡ ವೈದ್ಯರಿಗೆ ವರದಿ ಮಾಡುವಳು. ಅವರು ಹೊರಟುಹೋದ ಮೇಲೆ ಮಂಚದ ಬಳಿ ಕುಳಿತು ಮನೆಯವರಿಗೆ ಎಲ್ಲವನ್ನೂ ತಿಳಿಯಹೇಳುವಳು. “ನೀವು ಡಾಕ್ಟರೇನಮ್ಮಾ?” ಎಂದು ಕೇಳಿದ್ದಕ್ಕೆ, “ಅಲ್ಲ ಆಂಟಿ, ಫಿಜಿಷಿಯನ್ ಅಸಿಸ್ಟೆಂಟ್” ಎಂದಳು. ಆ ಹೆಸರನ್ನು ಆಕೆ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟುಕೊಂಡಳು. ಅತ್ತೆಯವರು ತೀರಿಕೊಂಡು ಎರಡು ವರ್ಷ ಕಳೆದ ಮೇಲೆ ಆ ಪುಸ್ತಕವನ್ನು ಮತ್ತೆ ತೆಗೆದಳು.

ಮನೆಯಲ್ಲಿ ಮೊದಲು ಮಾತೆತ್ತಿದವರು ಮಾವನವರು. “ಏನಮ್ಮಾ ಅದು, ಕಾಂಪೌಂಡರ್ ಕೆಲಸವೇ?” ಎಂದರು. ಕೊಂಕಿನ ಮಾತೇನೂ ಅಲ್ಲ. ಎಂಬತ್ತರ ಸಮೀಪದ ಹಿರಿಯರಿಗೆ ವೈದ್ಯನ ಬಳಿಯ ಸಹಾಯಕನೆಂದರೆ ಸೀಸೆಗೆ ಕೆಂಪು ಮಿಕ್ಸ್ಚರ್ ತುಂಬಿ, ಕಾಗದದ ಗುರುತು ಅಂಟಿಸಿ ಕೊಡುತ್ತಿದ್ದವನು. ಆದರೆ ಅವರ ಬಾಲ್ಯದಲ್ಲಿ ಅವರ ಜ್ವರಕ್ಕೆ ಮದ್ದು ಕೊಟ್ಟ ವೈದ್ಯರ ಬೋರ್ಡಿನಲ್ಲಿ ಎಲ್.ಎಂ.ಪಿ. ಎಂಬ ಮೂರು ಅಕ್ಷರಗಳಿದ್ದುದನ್ನು ಸೊಸೆ ನೆನಪಿಗೆ ತಂದಾಗ ಅವರು ಸುಮ್ಮನಾದರು. ಆ ಅಕ್ಷರಗಳ ಕಥೆ ಈಗ ಬಹುಮಂದಿಗೆ ಮರೆತುಹೋಗಿದೆ. ಎಂ.ಬಿ.ಬಿ.ಎಸ್. ಪದವಿಗಿಂತ ಕಡಮೆ ಕಾಲದ, ಕಡಮೆ ವೆಚ್ಚದ ವೈದ್ಯಶಿಕ್ಷಣವನ್ನು ಮೆಡಿಕಲ್ ಸ್ಕೂಲುಗಳಲ್ಲಿ ಪಡೆದ ಲೈಸೆನ್ಶಿಯೇಟರು ಅವರು. ಭೋರ್ ಸಮಿತಿ 1946ರಲ್ಲಿ ವರದಿ ಒಪ್ಪಿಸಿದಾಗ ದೇಶದ ಸುಮಾರು 47,500 ನೋಂದಾಯಿತ ವೈದ್ಯರಲ್ಲಿ 30,000ದಷ್ಟು ಮಂದಿ ಇಂಥವರೇ ಆಗಿದ್ದರು. ಎಲ್ಲರಿಗೂ ಒಂದೇ ಮಟ್ಟದ ಶಿಕ್ಷಣವಿರಲೆಂದು ಸಮಿತಿ ಸಲಹೆ ಮಾಡಿತು. ಸ್ವಾತಂತ್ರ್ಯದ ತರುವಾಯ ಆ ಸ್ಕೂಲುಗಳು ಮುಚ್ಚಿದವು ಅಥವಾ ಕಾಲೇಜುಗಳಾದವು. ಉದ್ದೇಶ ಒಳ್ಳೆಯದೇ. ಆದರೆ ಹಣವಿಲ್ಲದವರಿಗೂ ಸಂಸಾರದ ಭಾರವಿದ್ದವರಿಗೂ ತೆರೆದಿದ್ದ ಒಂದು ಪಕ್ಕದ ಬಾಗಿಲು ಅದರೊಡನೆ ಮುಚ್ಚಿಹೋಯಿತೆಂಬುದನ್ನು ಅಲ್ಲಗಳೆಯಲಾಗದು.

ಆ ಬಾಗಿಲಿನಿಂದಲೇ ಒಳಗೆ ಬಂದವಳು ಬಂಗಾಳದ ಹೈಮವತಿ ಸೇನ್. ಬಾಲವಿಧವೆಯಾಗಿ, ಮರುಮದುವೆಯಾಗಿ, ಮನೆವಾರ್ತೆಯನ್ನು ಹೊತ್ತುಕೊಂಡೇ ಕಲ್ಕತ್ತೆಯ ಕ್ಯಾಂಬೆಲ್ ಮೆಡಿಕಲ್ ಸ್ಕೂಲಿನಲ್ಲಿ ಓದಿದಳು. ತರಗತಿಗೆ ಮೊದಲಿಗಳಾಗಿ ಬಂದ ಚಿನ್ನದ ಪದಕಕ್ಕೆ ಗಂಡುಹುಡುಗರು ಗಲಾಟೆಯೆಬ್ಬಿಸಿದ್ದರಿಂದ ಬೆಳ್ಳಿಯ ಪದಕಕ್ಕೆ ತೃಪ್ತಳಾಗಬೇಕಾಯಿತು. ಮುಂದೆ ಚಿನ್ಸುರಾದ ಹೆಂಗಸರ ಆಸ್ಪತ್ರೆಯನ್ನು ಬಹುಕಾಲ ನಡೆಸಿದಳು. ಅದೇ ಕಲ್ಕತ್ತೆಯ ಕಾದಂಬಿನಿ ಗಂಗೂಲಿ 1893ರಲ್ಲಿ ಮಕ್ಕಳನ್ನು ಮನೆಯವರ ವಶಕ್ಕೆ ಬಿಟ್ಟು, ಹೆಚ್ಚಿನ ಅರ್ಹತೆಗಾಗಿ ಹಡಗು ಹತ್ತಿ ಬ್ರಿಟನ್ನಿಗೆ ಹೋದಳು. ಮಕ್ಕಳ ತಾಯಿ ಪುನಃ ಪುಸ್ತಕ ಹಿಡಿಯುವುದು ಈ ಕಾಲದ ಹೊಸ ಹುಚ್ಚೆಂದು ತಿಳಿಯುವವರು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಸ್ತ್ರೀಯರ ವಿದ್ಯಾಭ್ಯಾಸಕ್ಕೆಂದು 1913ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮಹಿಳಾ ಸೇವಾ ಸಮಾಜವಿದೆ. ಬಾಲ್ಯದಲ್ಲಿಯೇ ವಿಧವೆಯಾದ ಆರ್. ಕಲ್ಯಾಣಮ್ಮನವರು ‘ಸರಸ್ವತಿ’ ಪತ್ರಿಕೆಯನ್ನು ನಡೆಸಿ, 1938ರಲ್ಲಿ ಮಕ್ಕಳ ಕೂಟವನ್ನು ಕಟ್ಟಿದ್ದೂ ಈ ಊರಿನಲ್ಲಿಯೇ.

ವೈದ್ಯಸಹಾಯಕರ ಹೊಸ ಪರಂಪರೆ ಹುಟ್ಟಿದ್ದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ. 1965ರಲ್ಲಿ ಯೂಜಿನ್ ಸ್ಟೆಡ್ ಎಂಬ ವೈದ್ಯರು ಅಲ್ಲಿ ಅದನ್ನು ಆರಂಭಿಸಿದಾಗ ಮೊದಲ ತರಗತಿಗೆ ಸೇರಿದ ನಾಲ್ವರೂ ನೌಕಾಪಡೆಯಲ್ಲಿ ರೋಗಿಗಳ ಆರೈಕೆ ಮಾಡಿ ಬಂದವರಾಗಿದ್ದರು. ಅಂದರೆ ಕೈ ಮೊದಲು ಕಲಿತು, ಪುಸ್ತಕ ಆಮೇಲೆ ಬಂದವರು. ಭಾರತಕ್ಕೆ ಅದು ಬಂದದ್ದು 1992ರಲ್ಲಿ, ಮದರಾಸಿನಲ್ಲಿ, ಹೃದಯ ಶಸ್ತ್ರವೈದ್ಯರಾದ ಡಾ. ಕೆ. ಎಂ. ಚೆರಿಯನ್ ಅವರ ಪ್ರಯತ್ನದಿಂದ. ಈ ವೃತ್ತಿಯ ಹೆಸರು ಕಾನೂನಿನ ಪುಟಕ್ಕೆ ಏರಲು ಮಾತ್ರ ಇಪ್ಪತ್ತೊಂಬತ್ತು ವರ್ಷ ಹಿಡಿಯಿತು. 2021ರ ಸಹವೈದ್ಯಕೀಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯ ಅನುಸೂಚಿಯಲ್ಲಿ ಅದು ಸೇರಿದೆ. ಸ್ವತಂತ್ರವಾಗಿ ವೈದ್ಯ ಮಾಡುವ ಅಧಿಕಾರ ಈ ಪದವಿಗಿಲ್ಲ. ವೈದ್ಯರ ಕೈಕೆಳಗಿನ ಕೆಲಸ. ಇದನ್ನು ತಿಳಿಯದೆ ಸೇರುವವರು ಆಮೇಲೆ ಕೊರಗುವುದುಂಟು. ಆಕೆ ತಿಳಿದೇ ಹೊರಟಳು.

ಹೊರಟಳು ಎಂದರೆ ಮೊದಲು ಕಾಗದಗಳ ಹಿಂದೆ ಹೊರಟಳು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಇದ್ದ ಪಿ.ಯು.ಸಿ. ಅಂಕಪಟ್ಟಿ ಬೇಕು. ಅದು ತೌರುಮನೆಯ ಟ್ರಂಕಿನಲ್ಲಿ ಮದುವೆಯ ಸೀರೆಯ ಕೆಳಗೆ ಸಿಕ್ಕಿತು, ಒಂದು ಮೂಲೆಯನ್ನು ಜಿರಲೆ ತಿಂದು ಅಂಕೆಗಳೇ ಮಾಯವಾಗಿದ್ದವು. ನಕಲು ಪ್ರತಿಗಾಗಿ ಮಲ್ಲೇಶ್ವರದ ಹದಿನೆಂಟನೆಯ ಅಡ್ಡರಸ್ತೆಯ ಪಿ.ಯು. ಇಲಾಖೆಗೆ ಎರಡು ಸಲ ಹೋಗಿ ಬಂದಳು. ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ತಂದೆಯ ಇನಿಷಿಯಲ್, ಆಧಾರಿನಲ್ಲಿ ಹೆಸರಿನ ಮುಂದೆ ಗಂಡನ ಹೆಸರು. ಇಬ್ಬರೂ ಒಬ್ಬಳೇ ಎಂದು ಪ್ರಮಾಣಪತ್ರ ಬೇಕು. ಕಡೆಯದಾಗಿ, 2005ರಿಂದ ಇಂದಿನವರೆಗೆ ಓದು ನಿಂತುದಕ್ಕೆ ಕಾರಣ ತಿಳಿಸಿ, ಛಾಪಾ ಕಾಗದದ ಮೇಲೆ, ನೋಟರಿಯ ಮೊಹರು ಸಮೇತ ಇನ್ನೊಂದು ಪ್ರಮಾಣಪತ್ರ.

ನೋಟರಿಯ ಮಗ್ಗುಲಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕುಳಿತಿದ್ದ ಮುದುಕನಿಗೆ ಈ ಬಗೆಯ ಪತ್ರಗಳು ಬಾಯಿಪಾಠ. ಆಕೆ ಹೆಸರು, ವಿಳಾಸ ಹೇಳಿ ಮುಗಿಸುವುದರೊಳಗೆ ಪತ್ರ ಸಿದ್ಧವಾಯಿತು. ಸದರಿ ಅವಧಿಯಲ್ಲಿ ತಾನು ಯಾವ ವಿದ್ಯಾಸಂಸ್ಥೆಯಲ್ಲಿಯೂ ವ್ಯಾಸಂಗ ಮಾಡಿರುವುದಿಲ್ಲ, ಯಾವ ಉದ್ಯೋಗದಲ್ಲಿಯೂ ಇದ್ದಿರುವುದಿಲ್ಲ, ಯಾವ ಅಪರಾಧ ಕೃತ್ಯದಲ್ಲಿಯೂ ಭಾಗಿಯಾಗಿರುವುದಿಲ್ಲ ಎಂದು ಅದರಲ್ಲಿತ್ತು. ಓದಿನಲ್ಲಿ ಎರಡು ವರ್ಷ ನಪಾಸಾಗಿ ಮನೆಯಲ್ಲಿ ಕುಳಿತ ಹುಡುಗರಿಗಾಗಿ ಎಂದೋ ಯಾರೋ ರಚಿಸಿದ ವಾಕ್ಯ. ಅದರಲ್ಲಿ ಸುಳ್ಳು ಒಂದು ಅಕ್ಷರವೂ ಇಲ್ಲ. ಇಪ್ಪತ್ತು ವರ್ಷದ ಸಂಸಾರ, ಎರಡು ಬಾಣಂತನ, ಆರು ವರ್ಷದ ಶುಶ್ರೂಷೆ, ಇಷ್ಟೂ ಸೇರಿ ಮೂರು ‘ಇಲ್ಲ’ಗಳಾಗಿದ್ದವು.

ಆಕೆ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಇನ್ನೊಂದು ಸಾಲು ಸೇರಿಸಿಕೊಡಿ” ಎಂದಳು.

“ಇಷ್ಟೇ ಇರೋದು ಕಣಮ್ಮಾ. ಕಾಲೇಜಿನವರು ಇದಕ್ಕಿಂತ ಕೇಳೋದಿಲ್ಲ.”

“ಅವರು ಕೇಳದಿದ್ದರೂ ಇರಲಿ ಸ್ವಾಮಿ.”

ಗೃಹಕೃತ್ಯದಲ್ಲಿಯೂ ಮಕ್ಕಳ ಪೋಷಣೆಯಲ್ಲಿಯೂ ಅತ್ತೆಯವರ ಆರೈಕೆಯಲ್ಲಿಯೂ ನಿರತಳಾಗಿದ್ದೆನೆಂದು ಆಕೆ ಹೇಳಿಬರೆಯಿಸಿದಳು. ಮುದುಕನು ಆ ಸಾಲನ್ನು ಮೂರು ‘ಇಲ್ಲ’ಗಳಿಗಿಂತ ಮೊದಲೇ ಇರಿಸಿ, ಹೊಸದಾಗಿ ಅಚ್ಚು ತೆಗೆದುಕೊಟ್ಟನು, ಅದಕ್ಕೆ ಬೇರೆ ಹಣ ಕೇಳಲಿಲ್ಲ.

ಉಳಿದದ್ದು ಹಣದ ಮಾತು. ಯಜಮಾನರು ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕ ಬರೆಯುವವರು. ಒಳ್ಳೆಯವರು, ಆದರೆ ಅಂಕೆಗಳಿಗೆ ದಾಕ್ಷಿಣ್ಯವಿಲ್ಲವೆಂದು ಬಲ್ಲವರು. ಒಂದು ಹಾಳೆಯಲ್ಲಿ ಎರಡು ಸಾಲುಗಳನ್ನು ಹಾಕಿ ತೋರಿಸಿದರು. ಮಗಳಿಗೆ ಸರ್ಕಾರದ ಕೋಟಾದಲ್ಲಿ ಸೀಟು ದೊರೆತರೆ ಇಬ್ಬರ ಓದೂ ಸಾಧ್ಯ, ದೊರೆಯದಿದ್ದರೆ ಒಬ್ಬರದು. ಆ ಒಬ್ಬರು ಯಾರೆಂದು ಯಾರೂ ಕೇಳಲಿಲ್ಲ. ಇಂಥ ಪ್ರಶ್ನೆಗಳನ್ನು ಕೇಳದೆಯೇ ತೀರ್ಮಾನಿಸುವುದು ಮರ್ಯಾದಸ್ಥ ಮನೆಗಳ ಪದ್ಧತಿ. ಅದರಲ್ಲಿ ಮರ್ಯಾದೆ ಎಷ್ಟು, ಅನ್ಯಾಯ ಎಷ್ಟು ಎಂಬುದನ್ನು ತೂಗಿದವರಿಲ್ಲ. ತೊಡಕೆಂದರೆ, ತಾಯಿಯ ಕಾಲೇಜಿಗೆ ಮುಂಗಡ ಕಟ್ಟುವ ದಿನ ಮೊದಲು ಬಂದಿತು, ಸಿ.ಇ.ಟಿ. ಸೀಟು ಹಂಚಿಕೆ ಅದರ ನಂತರ.

ಮಗಳ ಮುಖ ಕೆಲವು ದಿನ ಬಿಗಿದುಕೊಂಡಿತ್ತು. ಹಣಕ್ಕಾಗಿ ಅಲ್ಲ. ತಾನು ಕಾಲೇಜಿನ ಮೊದಲ ವರ್ಷಕ್ಕೆ ಕಾಲಿಡುವ ತಿಂಗಳೇ ಅಮ್ಮನೂ ಮೊದಲ ವರ್ಷದವಳಾಗುವಳೆಂಬುದು ಗೆಳತಿಯರ ನಡುವೆ ಹೇಗೆ ಹೇಳಿಕೊಳ್ಳುವ ಮಾತು? ತನ್ನ ವಯಸ್ಸಿನವರು ಅಮ್ಮನನ್ನು ಹೆಸರು ಹಿಡಿದು ಕರೆಯುವರೋ, ಆಂಟಿ ಎನ್ನುವರೋ? ಅದು ಹದಿನೆಂಟರ ಸಂಕೋಚ; ಅದನ್ನು ಸ್ವಾರ್ಥವೆನ್ನುವುದು ಸರಿಯಲ್ಲ. ಅರ್ಜಿಯ ಜತೆ ಲಗತ್ತಿಸಲು ಕಾಗದಗಳ ಚಿತ್ರ ತೆಗೆದು ಕಳುಹಿಸುವ ಕೆಲಸ ಮಾತ್ರ ಅವಳ ಪಾಲಿಗೇ ಬಂದಿತು. ಪ್ರಮಾಣಪತ್ರವನ್ನು ಮೊಬೈಲಿನ ಕೆಳಗೆ ಹಿಡಿದವಳು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಏನೂ ಹೇಳಲಿಲ್ಲ. ಚಿತ್ರ ಮಸುಕಾಗಿದೆಯೆಂದು ಇನ್ನೊಮ್ಮೆ ತೆಗೆದಳು.

ಮುಂಗಡಕ್ಕೆ ಎರಡು ದಿನವಿದ್ದಾಗ ಆಕೆ ಅತ್ತೆಯವರು ಕೊಟ್ಟಿದ್ದ ನಾಲ್ಕು ಬಳೆಗಳಲ್ಲಿ ಎರಡನ್ನು ತೆಗೆದು ಮಾವನವರ ಮುಂದಿಟ್ಟು ಅಪ್ಪಣೆ ಕೇಳಿದಳು. ಅವರು ಬಳೆಗಳನ್ನು ಮುಟ್ಟಲಿಲ್ಲ. “ನಿನ್ನ ಕೈಗೆ ಹಾಕಿದವಳು ಅವಳು. ನನ್ನನ್ನು ಕೇಳೋದೇನಿದೆ?” ಎಂದರು. ಸ್ವಲ್ಪ ತಡೆದು, “ಬ್ಯಾಂಕಿನಲ್ಲಿ ಇಡಮ್ಮಾ. ಮಾರಬೇಡ” ಎಂದರು. ಅವು ಬ್ಯಾಂಕಿಗೆ ಹೋದವು. ಯಜಮಾನರು ತಮ್ಮ ಹಾಳೆಯಲ್ಲಿ ಮೂರನೆಯ ಸಾಲೊಂದನ್ನು ಬರೆದುಕೊಂಡರು.

ಈಗ ರಾತ್ರಿ ಊಟವಾದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಮಗಳ ಪಿ.ಯು.ಸಿ. ಜೀವಶಾಸ್ತ್ರದ ಪುಸ್ತಕ ತೆರೆದಿರುತ್ತದೆ. ತಾಯಿ ಓದಿದ ಪುಸ್ತಕವಲ್ಲ ಇದು. ಕ್ರಮವೂ ಚಿತ್ರಗಳೂ ಬೇರೆ. ಮಗಳು ಪ್ರಶ್ನೆ ಕೇಳುವುದು, ತಾಯಿ ಒಪ್ಪಿಸುವುದು. ಸಸ್ಯಗಳ ವರ್ಗೀಕರಣದಲ್ಲಿ ತಾಯಿ ತಡವರಿಸುವಳು. ಮಗಳು ಮೇಷ್ಟರಂತೆ ಗದರುವಳು. ಮೊನ್ನೆ ಮೂತ್ರಪಿಂಡದ ಪಾಠ ಬಂದಿತು. ನೆಫ್ರಾನಿನ ಭಾಗಗಳ ಹೆಸರು ಆಕೆಗೆ ಪೂರ್ತಿ ನೆನಪಿರಲಿಲ್ಲ. ಆದರೆ ರಕ್ತದಲ್ಲಿ ಕ್ರಿಯಾಟಿನಿನ್ ಏರಿದರೆ ಮೊದಲು ಏನು ಕಾಣುತ್ತದೆ, ಕಾಲು ಊದಿಕೊಳ್ಳುವುದು ಏಕೆ, ಊಟ ಏಕೆ ಸೇರುವುದಿಲ್ಲ ಎಂಬುದನ್ನು ಕೇಳದೆಯೇ ಹೇಳತೊಡಗಿದಳು. ಮಗಳು ಪುಟದ ಮೇಲೆ ಬೆರಳಿಟ್ಟು ಹುಡುಕಿದಳು.

“ಇದು ಇಲ್ಲಿ ಇಲ್ಲವಲ್ಲಮ್ಮಾ.”

“ಅಜ್ಜಿಗೆ ಇತ್ತು ಕಣೇ” ಎಂದಳು ತಾಯಿ.

ಸೀಟು ಹಂಚಿಕೆಯ ಪಟ್ಟಿ ಇನ್ನೂ ಹೊರಬಿದ್ದಿರಲಿಲ್ಲ. ಮಗಳು ಅಂಚಿನಲ್ಲಿ ಸೀಸದ ಕಡ್ಡಿಯಿಂದ ಏನನ್ನೋ ಗುರುತು ಹಾಕಿಕೊಂಡು ಮುಂದಿನ ಪ್ರಶ್ನೆ ಕೇಳಿದಳು.