ಶಲ್ಯ ಸಾರಥ್ಯ

ಜೊತೆಯಲ್ಲೇ ಕುಳಿತು ಎದೆಗುಂದಿಸುವವರ ನಡವಳಿಕೆಗೆ ನಮ್ಮ ಹಿರಿಯರು ಇಟ್ಟ ಹೆಸರು 'ಶಲ್ಯ ಸಾರಥ್ಯ'. ಮಗಳು ಸಂಗೀತದ ಪರೀಕ್ಷೆಗೆ ಹೊರಟು ನಿಂತಾಗ 'ನಿನಗೆ ಶ್ರುತಿಯೇ ನಿಲ್ಲುವುದಿಲ್ಲವಲ್ಲೇ' ಎನ್ನುವ ಸೋದರತ್ತೆಯೂ, ಮನೆಗೆ ತಳಪಾಯ ತೋಡಿಸಿದ ದಿನವೇ ಬಂದು 'ಈ ಜಾಗ ಕೊಳ್ಳಬಾರದಿತ್ತು' ಎನ್ನುವ ನೆಂಟರೂ ಈ ವಿದ್ಯೆಯಲ್ಲಿ ನುರಿತವರೇ. ಆದರೆ ಅದು ತನ್ನ ಪೂರ್ಣ ಕಳೆಯಿಂದ ಬೆಳಗುವ ಸ್ಥಳ ಕಚೇರಿ. ಅಲ್ಲಿ ಲಗಾಮು ಶಲ್ಯನ ಕೈಯಲ್ಲಿರುತ್ತದೆ. ತೇರಿನಿಂದ ಇಳಿದು ನಡೆದುಬಿಡೋಣವೆಂದರೆ ಕರ್ಣನನ್ನು ತಿಂಗಳ ಮೊದಲ ವಾರದ ಖರ್ಚಿನ ಯೋಚನೆ ಹಿಡಿದು ನಿಲ್ಲಿಸುತ್ತದೆ.

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವುದು ನನ್ನ ವೃತ್ತಿ. ಕರ್ಣಪರ್ವದ ಕಥೆಯನ್ನು ತರಗತಿಯಲ್ಲಿ ವಿವರಿಸುವಾಗಲೆಲ್ಲ ನನ್ನ ಮನಸ್ಸು ಕರ್ಣನಿಗಿಂತ ಹೆಚ್ಚಾಗಿ ಆ ಮದ್ರದೇಶದ ದೊರೆಯ ಸುತ್ತಲೇ ಸುಳಿದಾಡುತ್ತದೆ. ಶಲ್ಯನು ಅಯೋಗ್ಯನಲ್ಲ; ಇದನ್ನು ಮೊದಲು ಒಪ್ಪಿಕೊಳ್ಳಬೇಕು. ಕುದುರೆಗಳ ಮರ್ಮವನ್ನು ಅವನಂತೆ ಬಲ್ಲವರು ವಿರಳ. ಕೃಷ್ಣನಿಗೆ ಸರಿಸಾಟಿಯಾದ ಸಾರಥಿ ಬೇಕಾದರೆ ಶಲ್ಯನೇ ಆಗಬೇಕೆಂದು ಕರ್ಣನೇ ದುರ್ಯೋಧನನಲ್ಲಿ ಕೇಳಿ ಅವನನ್ನು ಪಡೆದುಕೊಂಡ. ಸೂತಪುತ್ರನಿಗೆ ತಾನು ಸಾರಥಿಯಾಗುವುದೇ ಎಂದು ಶಲ್ಯ ಮೊದಲು ಸಿಡಿದೆದ್ದ. ದುರ್ಯೋಧನ ಹೊಗಳಿ ಹೊಗಳಿ ಸಮಾಧಾನಪಡಿಸಿದ ಮೇಲೆ ಒಪ್ಪಿದ. ಒಪ್ಪುವಾಗ ಒಂದು ಕರಾರನ್ನೂ ಹಾಕಿದ: ತನಗೆ ತೋಚಿದ್ದನ್ನು ಕರ್ಣನ ಮುಂದೆ ಆಡುವ ಸ್ವಾತಂತ್ರ್ಯ ತನಗಿರಬೇಕು!

ಈ ಕರಾರಿನ ಬಳಿಗೆ ಬಂದಾಗ ನನಗೆ ನಗು ತಡೆಯುವುದು ಕಷ್ಟ. 'ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವ ಮನುಷ್ಯ, ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬಾರದು' ಎಂದು ಅಧಿಕಾರ ವಹಿಸಿಕೊಂಡ ದಿನವೇ ಸಭೆ ಕರೆದು ಸಾರುವ ಮೇಲಧಿಕಾರಿಗಳನ್ನು ವಾಚಕರೂ ಕಂಡಿರಬಹುದು. ಆಡುವ ಹಕ್ಕು ಅವರದು. ಮನಸ್ಸಿಗೆ ಹಚ್ಚಿಕೊಳ್ಳದಿರುವ ಹೊಣೆ ಕೇಳುವವರದು. ತೇರು ರಣರಂಗದತ್ತ ಹೊರಟಾಗ ಶಲ್ಯ ಕರ್ಣನಿಗೊಂದು ಕಥೆ ಹೇಳುತ್ತಾನೆ: ವೈಶ್ಯನೊಬ್ಬನ ಮಕ್ಕಳ ಎಂಜಲುಂಡು ಕೊಬ್ಬಿದ ಕಾಗೆಯೊಂದು ಹಂಸಗಳೊಡನೆ ಪಂದ್ಯ ಕಟ್ಟಿ, ಕಡಲ ಮೇಲೆ ಹಾರಲಾರದೆ ನೀರಿಗೆ ಬಿದ್ದ ಕಥೆ. ನಮ್ಮ ಕಚೇರಿಗಳಲ್ಲಿ ಇದು 'ನಾನು ಹಿಂದೆ ಇದ್ದ ಕಡೆ ಇಂಥ ಕೆಲಸವನ್ನು ಜವಾನನೇ ಮಾಡಿ ಮುಗಿಸುತ್ತಿದ್ದ' ಎಂಬ ರೂಪದಲ್ಲಿ ಬರುತ್ತದೆ.

ನನಗೆ ಮೊದಲು ನೇಮಕವಾದ ಕಾಲೇಜಿನಲ್ಲಿ ಇಂಥವರೊಬ್ಬರು ಪ್ರಾಂಶುಪಾಲರಾಗಿದ್ದರು. ಊರಿನ ಹೆಸರಾಗಲಿ ಅವರ ಹೆಸರಾಗಲಿ ಇಲ್ಲಿ ಬೇಡ. ಸೇವಾನಿಯಮಗಳೆಲ್ಲ ಅವರಿಗೆ ಕಂಠಪಾಠ. ರಜೆಯ ಲೆಕ್ಕದಲ್ಲಿ ಅರ್ಧ ದಿನದ ತಪ್ಪನ್ನೂ ಕನ್ನಡಕವಿಲ್ಲದೆ ಕಂಡುಹಿಡಿಯುತ್ತಿದ್ದರು. ಅವರ ಕಾಲದಲ್ಲಿ ಒಂದು ತಿಂಗಳೂ ನಮ್ಮ ಸಂಬಳ ತಡವಾಗಲಿಲ್ಲವೆಂಬುದನ್ನು ನಾನು ಮರೆಮಾಚಲಾರೆ. ಆದರೆ ಬೆಳಿಗ್ಗೆ ಬೆರಳಚ್ಚಿನ ಯಂತ್ರದ ಪಕ್ಕದಲ್ಲಿ ಅವರು ನಿಂತುಬಿಟ್ಟರೆಂದರೆ ಆ ದಿನದ ಪಾಠವೆಲ್ಲ ಮಂಕಾದಂತೆ. ವಿದ್ಯಾರ್ಥಿಗಳ ಎದುರಿನಲ್ಲೇ ಅಧ್ಯಾಪಕರನ್ನು ನಿಲ್ಲಿಸಿ 'ಏನ್ರೀ, ನಿಮ್ಮ ತರಗತಿಯಲ್ಲಿ ಹುಡುಗರು ನಿದ್ರೆ ಮಾಡುತ್ತಾರಂತೆ' ಎನ್ನುವರು. ಬೀಗ ಸರಿಯಿಲ್ಲ, ಬರವಣಿಗೆ ಸರಿಯಿಲ್ಲ, ಗಂಟೆ ಹೊಡೆದದ್ದು ಸರಿಯಿಲ್ಲ: ಒಂದೇ ಸ್ವರದಲ್ಲಿ, ಒಂದೇ ಕಾವಿನಲ್ಲಿ, ದಿನವಿಡೀ. ದೊಡ್ಡ ತಪ್ಪಿಗೊಂದು ಸ್ವರ, ಸಣ್ಣ ತಪ್ಪಿಗೊಂದು ಸ್ವರ ಎಂಬ ಭೇದ ಅವರಲ್ಲಿ ಇರಲಿಲ್ಲ.

ಒಂದು ಬೇಸಿಗೆಯ ಕೊನೆಯಲ್ಲಿ ಅವರು ಗ್ರಂಥಾಲಯಕ್ಕೆ ಬಂದು, ಹಿಂದಿನ ಕೋಣೆಯ ಮೇಲ್ಛಾವಣಿಯನ್ನು ನೋಡಿ, 'ಇಲ್ಲಿ ಪುಸ್ತಕ ಇಡಬೇಡಿ, ಮಳೆ ಬಂದರೆ ಸೋರುತ್ತದೆ' ಎಂದರು. ಅದೇ ಉಸಿರಿನಲ್ಲಿ ಕಪಾಟಿನ ಧೂಳು, ನೋಂದಣಿ ಪುಸ್ತಕದ ರಟ್ಟು, ಗ್ರಂಥಪಾಲಕರ ಚಪ್ಪಲಿಯ ಸದ್ದು, ಎಲ್ಲಕ್ಕೂ ಆಕ್ಷೇಪಣೆ ಹೇಳಿ ಹೋದರು. ಗ್ರಂಥಪಾಲಕರು ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಸಾತ್ವಿಕ ವ್ಯಕ್ತಿ. ಇಪ್ಪತ್ತು ಮಾತುಗಳಲ್ಲಿ ಆ ಒಂದು ಮಾತು ಬೇರೆಯದೆಂದು ಅವರಿಗೆ ಹೊಳೆಯಲಿಲ್ಲ. ಜೂನ್ ತಿಂಗಳ ಒಂದು ರಾತ್ರಿ ಮಳೆ ಸುರಿಯಿತು. ಬೆಳಗಾಗುವ ವೇಳೆಗೆ ಮುನ್ನೂರಕ್ಕೂ ಹೆಚ್ಚು ಪುಸ್ತಕಗಳು ನೆನೆದು ಉಬ್ಬಿದ್ದವು. ಹಳೆಯ ನಿಘಂಟುಗಳ ಹಾಳೆಗಳನ್ನು ಒಂದೊಂದಾಗಿ ಬಿಡಿಸುತ್ತ ಆ ಹಿರಿಯರು ಬಿಸಿಲಿನಲ್ಲಿ ಕುಳಿತಿದ್ದುದು ಈಗಲೂ ನನ್ನ ಕಣ್ಣಮುಂದಿದೆ. ಮಧ್ಯಾಹ್ನದ ಒಳಗೇ ಅವರ ಕೈಗೆ ಕಾರಣ ಕೇಳುವ ನೋಟೀಸು ಬಂತು. 'ನಾನು ಮೊದಲೇ ಹೇಳಿದ್ದೆ' ಎಂದು ಪ್ರಾಂಶುಪಾಲರು ವಾರವಿಡೀ ಎಲ್ಲರಿಗೂ ಹೇಳಿದರು. ಹೇಳಿದ್ದು ನಿಜ, ಅದನ್ನು ಅಲ್ಲಗಳೆಯುವಂತೆಯೇ ಇರಲಿಲ್ಲ.

ಶಲ್ಯನೂ ಮೊದಲೇ ಹೇಳಿದ್ದ. ಕರ್ಣ ಸರ್ಪಾಸ್ತ್ರವನ್ನು ಹೂಡಿದಾಗ, ಗುರಿ ಸರಿಯಿಲ್ಲ, ಇನ್ನೊಮ್ಮೆ ನೋಡಿ ಹೂಡು ಎಂದು ಎಚ್ಚರಿಸಿದವನು ಅವನೇ. ಅದು ಸತ್ಯವಾದ ಮಾತು, ಸಕಾಲದಲ್ಲಿ ಬಂದ ಮಾತು. ಕರ್ಣ ಕೇಳಲಿಲ್ಲ. ಒಮ್ಮೆ ಹೂಡಿದ ಬಾಣವನ್ನು ಮತ್ತೆ ಹೂಡುವವನು ತಾನಲ್ಲವೆಂದ. ಇದು ಕರ್ಣನ ಛಲವೆಂದು ತರಗತಿಗಳಲ್ಲಿ ವಿವರಿಸುವುದು ವಾಡಿಕೆ. ಅಷ್ಟೇ ಎಂದು ನನಗೆ ಅನ್ನಿಸುವುದಿಲ್ಲ. ಬೆಳಗಿನಿಂದ ಕಾಗೆಯೆಂದು ಕರೆಸಿಕೊಂಡವನಿಗೆ, ಅದೇ ಬಾಯಿಂದ ಬಂದ ಹಿತವಚನ ಹಿತವಚನವಾಗಿ ಕೇಳಿಸುವ ಬಗೆ ಹೇಗೆ? ಕೆಟ್ಟ ಮೇಲಧಿಕಾರಿ ತಿಳಿವಳಿಕೆಯಿಲ್ಲದವನೇ ಆಗಿರಬೇಕಾಗಿಲ್ಲ. ತನ್ನ ತಿಳಿವಳಿಕೆಯನ್ನು ಕೈಕೆಳಗಿನವರು ನಂಬಲಾರದ ಹಾಗೆ ಮಾಡಿಟ್ಟುಕೊಂಡವನು ಅವನು. ಅವನಿಂದ ಸಂಸ್ಥೆಗಾಗುವ ನಷ್ಟವೆಲ್ಲ ಅವನ ಮಾತು ಸರಿಯಾಗಿದ್ದ ದಿನಗಳಲ್ಲೇ ಆಗುತ್ತದೆ.

ಆ ವರ್ಷವೇ ಅವರಿಗೆ ವರ್ಗವಾಯಿತು. ಬಂದವರು ಕುಳ್ಳಗಿನ, ಹೆಚ್ಚು ಮಾತನಾಡದ ವ್ಯಕ್ತಿ. ಕಾಗದಪತ್ರಗಳ ವಿಷಯದಲ್ಲಿ ಹಿಂದಿನವರ ಶಿಸ್ತು ಇವರಿಗಿರಲಿಲ್ಲ. ಟಪಾಲು ಎರಡೆರಡು ದಿನ ಮೇಜಿನ ಮೇಲೆ ಬಿದ್ದಿರುತ್ತಿತ್ತು. ಸಂಬಳದ ಬಿಲ್ಲೂ ಒಮ್ಮೆ ತಡವಾಗಿ ನಾವೆಲ್ಲ ಗೊಣಗಿದ್ದುಂಟು. ಅವರು ಬಂದ ಮೂರನೆಯ ವಾರ ಪುಸ್ತಕಗಳ ಕಡತ ಅವರ ಮುಂದೆ ಬಂತು. ನಷ್ಟವನ್ನು ಗ್ರಂಥಪಾಲಕರ ಸಂಬಳದಿಂದ ವಸೂಲು ಮಾಡಬಹುದೆಂದು ಹಿಂದಿನವರ ಟಿಪ್ಪಣಿ ಅದರಲ್ಲಿ ಸಿದ್ಧವಾಗಿತ್ತು. ಒಂದು ರುಜು ಹಾಕಿ ಮೇಲಕ್ಕೆ ಕಳಿಸಿದ್ದರೆ ಹೊಸಬರಾದ ಅವರನ್ನು ಯಾರೂ ಏನೂ ಅನ್ನುವಂತಿರಲಿಲ್ಲ. ಎಷ್ಟೋ ಅಧಿಕಾರಿಗಳು ಇಂಥ ಸಂದರ್ಭದಲ್ಲಿ 'ಚರ್ಚಿಸಿ' ಎಂದು ಬರೆದು ಕಡತವನ್ನು ಕೆಳಕ್ಕೆ ತಳ್ಳುತ್ತಾರೆ. ಆ ಮೂರಕ್ಷರಗಳ ಆಶ್ರಯದಲ್ಲಿ ವರ್ಷಗಳೇ ಉರುಳಿಹೋಗುವುದುಂಟು. ಇವರು ಹಾಗೆ ಮಾಡಲಿಲ್ಲ. ಸ್ಥಳಾಭಾವದಿಂದ ಆ ಕೋಣೆಯನ್ನು ಗ್ರಂಥಾಲಯಕ್ಕೆ ಕೊಟ್ಟದ್ದು ಪ್ರಾಂಶುಪಾಲರ ಕಚೇರಿ. ಕಟ್ಟಡದ ದುರಸ್ತಿ ಮಾಡಿಸಬೇಕಾದದ್ದೂ ಪ್ರಾಂಶುಪಾಲರ ಕಚೇರಿ. ಆದ್ದರಿಂದ ಹೊಣೆ ಈ ಕಚೇರಿಯದು ಎಂದು ಸ್ವಹಸ್ತದಿಂದ ಬರೆದು ರುಜು ಹಾಕಿದರು. ಕಚೇರಿ ಎಂದರೆ ಇನ್ನಾರು? ಅವರೇ.

ಒಳ್ಳೆಯ ಮೇಲಧಿಕಾರಿ ಎಂದರೆ ಮೆತ್ತನೆಯ ಮನುಷ್ಯನೆಂದು ತಿಳಿಯಬಾರದು. ಅದೇ ದಿನ ಅವರು ಗ್ರಂಥಪಾಲಕರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಅರ್ಧ ಗಂಟೆಯ ಮೇಲೆ ಆ ಹಿರಿಯರು ಕನ್ನಡಕ ಒರೆಸಿಕೊಳ್ಳುತ್ತ ಹೊರಬಂದರು. ಮರುದಿನದಿಂದ ಉಳಿದ ಪುಸ್ತಕಗಳನ್ನು ತಾವೇ ಹೊತ್ತು ಮುಂದಿನ ಕೋಣೆಗೆ ಸಾಗಿಸಿದರು. ಒಳಗೆ ನಡೆದ ಮಾತು ನಮಗಾರಿಗೂ ತಿಳಿಯಲಿಲ್ಲ. ಕೃಷ್ಣನೂ ಅರ್ಜುನನನ್ನು ಗದರಿದ್ದುಂಟು, ಅದೂ ಎರಡು ಸೇನೆಗಳ ನಡುವೆ. ಆದರೆ ಅದನ್ನು ಕೇಳಿಸಿಕೊಂಡವನು ದೂರದಲ್ಲಿದ್ದ ಸಂಜಯನೊಬ್ಬ. ಭಗದತ್ತ ವೈಷ್ಣವಾಸ್ತ್ರ ಬಿಟ್ಟಾಗ ಮಾತ್ರ ಕೃಷ್ಣ ಎಲ್ಲರಿಗೂ ಕಾಣುವಂತೆ ಎದ್ದು ನಿಂತು ಅದನ್ನು ತನ್ನ ಎದೆಯ ಮೇಲೆ ತೆಗೆದುಕೊಂಡ. ಸರ್ಪಾಸ್ತ್ರ ಬಂದಾಗ ತೇರನ್ನೇ ನೆಲಕ್ಕೆ ಅದುಮಿದ. ಹೋದದ್ದು ಕಿರೀಟ, ಉಳಿದದ್ದು ತಲೆ.

ಪುರಾಣದ ಮಾತು ಪುರಾಣಕ್ಕಾಯಿತು ಎನ್ನುವವರಿಗೆ ಹತ್ತಿರದ ಒಂದು ನಿದರ್ಶನ ಹೇಳುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಅವರು ಇಸ್ರೋ ಸಂಸ್ಥೆಯ ಅಧ್ಯಕ್ಷರೂ ಆಗಿದ್ದರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಮೇಲೇರಿದ ಎಸ್.ಎಲ್.ವಿ.-3 ರಾಕೆಟ್ಟು ಕಕ್ಷೆಯನ್ನು ಮುಟ್ಟದೆ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಯಂತ್ರ ತಡೆಹಿಡಿದಿದ್ದರೂ ಮುಂದುವರಿಯಲು ತೀರ್ಮಾನಿಸಿದವರು ತಾವೇ ಎಂದು ಕಲಾಂ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆದರೂ ಅಂದು ಪತ್ರಕರ್ತರ ಎದುರು ಕುಳಿತು ಸೋಲಿನ ಹೊಣೆ ತನ್ನದೆಂದವರು ಧವನ್. ಮರುವರ್ಷ, 1980ರ ಜುಲೈ 18ರಂದು, ಅದೇ ಬಗೆಯ ರಾಕೆಟ್ಟು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅಂದು ಪತ್ರಕರ್ತರ ಮುಂದೆ ಹೋಗಿ ಮಾತನಾಡುವಂತೆ ಧವನ್ ಅವರು ಕಲಾಂ ಅವರಿಗೆ ಹೇಳಿದರು. ಸೋಲಿನ ದಿನ ಮುಂದಿನ ಕುರ್ಚಿ, ಗೆಲುವಿನ ದಿನ ಹಿಂದಿನ ಕುರ್ಚಿ. ನಮ್ಮಲ್ಲಿ ಬಹಳ ಮಂದಿ ಈ ಎರಡು ಕುರ್ಚಿಗಳನ್ನು ಅದಲುಬದಲು ಮಾಡಿಕೊಂಡೇ ನಿವೃತ್ತರಾಗುತ್ತಾರೆ.

ಕನ್ನಡ ವಿಭಾಗದವನಾದ್ದರಿಂದ ಇನ್ನೊಂದು ಹೆಸರು ಹೇಳದೆ ಮುಂದೆ ಹೋಗಲಾರೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಟಿ.ಎಸ್. ವೆಂಕಣ್ಣಯ್ಯನವರು ಕುವೆಂಪು ಅವರಿಗೆ ಮೊದಲು ಗುರುಗಳು, ಆಮೇಲೆ ಕೆಲಸದಲ್ಲಿ ಹಿರಿಯರು. ಕುವೆಂಪು ಅವರು 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನು ಅವರಿಗೆ ಅರ್ಪಿಸಿದರು. ಮೇಲಿನವರಿಗೆ ಗ್ರಂಥ ಅರ್ಪಿಸುವ ಪದ್ಧತಿ ನಮ್ಮ ವಿಭಾಗಗಳಲ್ಲಿ ಈಗಲೂ ಧಾರಾಳವಾಗಿಯೇ ಇದೆ. ಆದರೆ ಅರ್ಪಣೆಯ ಮಿತಿಗೂ ಬಡ್ತಿಯ ಸಮಿತಿ ಸೇರುವ ಮಿತಿಗೂ ಸಾಮಾನ್ಯವಾಗಿ ಹೆಚ್ಚು ಅಂತರವಿರುವುದಿಲ್ಲ. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಆ ಕಾವ್ಯದ ಮೊದಲ ಸಂಪುಟ ಅಚ್ಚಾದದ್ದು 1949ರಲ್ಲಿ.

ಭಾರತದಲ್ಲಿ ಇನ್ನೊಂದು ಪ್ರಸಂಗವುಂಟು. ಯುದ್ಧ ಮುಗಿದ ಮೇಲೆ ಕೃಷ್ಣನು ಅರ್ಜುನನಿಗೆ, ಗಾಂಡೀವವನ್ನೂ ಬತ್ತಳಿಕೆಗಳನ್ನೂ ತೆಗೆದುಕೊಂಡು ನೀನು ಮೊದಲು ಇಳಿ ಎನ್ನುತ್ತಾನೆ. ಸಾರಥಿ ಮೊದಲು ಇಳಿಯುವುದು ಪದ್ಧತಿಯಾದ್ದರಿಂದ ಅರ್ಜುನನಿಗೆ ಅದು ವಿಚಿತ್ರವಾಗಿ ಕಂಡಿರಬೇಕು. ಅವನು ಇಳಿದ ಮೇಲೆ ಕೃಷ್ಣ ಇಳಿದ. ಇಳಿದೊಡನೆ ತೇರು ಉರಿದು ಬೂದಿಯಾಯಿತು. ದ್ರೋಣ ಕರ್ಣರ ಅಸ್ತ್ರಗಳಿಂದ ಅದು ಎಂದೋ ಸುಟ್ಟುಹೋಗಿತ್ತು. ಸಾರಥಿ ಕುಳಿತಿದ್ದಾನೆಂದು ಮಾತ್ರ ನಿಂತಿತ್ತು.

ನಮ್ಮ ಕುಳ್ಳ ಪ್ರಾಂಶುಪಾಲರು ಹಾರ, ಪೇಟ, ಹಣ್ಣಿನ ತಟ್ಟೆಗಳ ನಡುವೆ ನಿವೃತ್ತರಾಗಿ ಸಂಜೆಯ ಬಸ್ಸಿಗೆ ಊರಿಗೆ ಹೋದರು. ಅವರ ನಂತರವೇ ಗ್ರಂಥಪಾಲಕರೂ ನಿವೃತ್ತರಾದರು. ಒಂದು ರೂಪಾಯಿಯೂ ಕಡಿತವಾಗದೆ ಅವರಿಗೆ ಸಲ್ಲಬೇಕಾದ ಹಣವೆಲ್ಲ ಬಂತು. ಅದಾಗಿ ಕೆಲವು ತಿಂಗಳ ಮೇಲೆ ಗುಮಾಸ್ತರೊಬ್ಬರ ಬಾಯಿಂದ ವಿಷಯ ಹೊರಬಿತ್ತು. ಲೆಕ್ಕಪರಿಶೋಧಕರು ಪುಸ್ತಕಗಳ ನಷ್ಟವನ್ನು ಆ ರುಜುವಿನ ಆಧಾರದಿಂದ ಪ್ರಾಂಶುಪಾಲರ ಹೆಸರಿಗೇ ಬರೆದಿದ್ದರು. ಆ ಕಾರಣದಿಂದ ಅವರಿಗೆ ಬೇಬಾಕಿ ಪತ್ರ ಸಿಕ್ಕಿರಲಿಲ್ಲ, ಪಿಂಚಣಿ ಇನ್ನೂ ಇತ್ಯರ್ಥವಾಗಿರಲಿಲ್ಲ. ಬಿಳ್ಕೊಡುಗೆಯ ದಿನ ನಮ್ಮ ಕೈಯಿಂದ ಹಾರ ಹಾಕಿಸಿಕೊಳ್ಳುವಾಗಲೂ ಅವರಿಗೆ ಇದು ಗೊತ್ತಿತ್ತು.

ಸುದ್ದಿ ಕೇಳಿದ ಗ್ರಂಥಪಾಲಕರು, ತಮ್ಮ ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಚೀಲದಲ್ಲಿಟ್ಟುಕೊಂಡು ಮೂರು ಗಂಟೆಯ ಬಸ್ ಪ್ರಯಾಣ ಮಾಡಿ ಅವರ ಮನೆಗೆ ಹೋದರು. ಹಿಂತಿರುಗಿದ ಮೇಲೆ ನನ್ನ ಮನೆಗೆ ಬಂದು ಕುಳಿತು ಹೇಳಿದರು: "ಚೀಲ ಬಿಚ್ಚುವುದಕ್ಕೇ ಬಿಡಲಿಲ್ಲ ಮೇಷ್ಟ್ರೇ. ಕಾಫಿ ಕೊಟ್ಟರು, ಮಕ್ಕಳ ವಿಷಯ ಕೇಳಿದರು. ಹೊರಡುವಾಗ, ಆ ಹಿಂದಿನ ಕೋಣೆ ದುರಸ್ತಿ ಮಾಡಿಸಿದರೇನ್ರೀ ಎಂದು ಕೇಳಿದರು."

"ನೀವೇನೆಂದಿರಿ?" ಎಂದೆ.

"ಈ ಮಳೆಗಾಲದಲ್ಲೂ ಸೋರಿತು ಸಾರ್ ಎಂದೆ. ಪುಸ್ತಕಗಳು? ಎಂದರು. ಮುಂದಿನ ಕೋಣೆಯಲ್ಲೇ ಇವೆ ಎಂದೆ. ಬಸ್‌ಸ್ಟ್ಯಾಂಡಿನವರೆಗೂ ನನ್ನ ಜೊತೆ ನಡೆದುಕೊಂಡೇ ಬಂದರು."