ಕೊಳದ ಜೀರ್ಣೋದ್ಧಾರ

ಹೊಸ ಮನೆ ಕಟ್ಟಿಸಿದವನ ಕಷ್ಟವನ್ನು ಎಲ್ಲರೂ ಬಲ್ಲರು. ಹಳೆಯದನ್ನು ದುರಸ್ತು ಮಾಡಿಸಿದವನ ಕಷ್ಟವನ್ನು ಕೇಳುವವರಿಲ್ಲ. ಹೊಸ ಗೋಡೆ ಬಿರುಕು ಬಿಟ್ಟರೆ ತಪ್ಪು ಕಟ್ಟಿದವನದು. ದುರಸ್ತಾದ ಗೋಡೆ ಬಿರುಕು ಬಿಟ್ಟರೆ ಯಜಮಾನನು ಮೇಸ್ತ್ರಿಯನ್ನು ದೂರುವನು, ಮೇಸ್ತ್ರಿಯು ಹಿಂದಿನವರ ಕಲ್ಲನ್ನು ದೂರುವನು. ಹಿಂದಿನವರು ಬಂದು ಸಾಕ್ಷಿ ನುಡಿಯುವಂತಿಲ್ಲ.

ಹೊಳಲ್ಕೆರೆಯ ಕಡೆಯ ಒಂದು ಅಡಕೆಯ ತೋಟದಲ್ಲಿ ನಡೆದ ಸಂಗತಿಯೂ ಇಂತಹುದೇ. ತೋಟದ ಮೇಲುಭಾಗದಲ್ಲಿ, ಗುಡ್ಡದ ಇಳಿಜಾರಿಗೆ ಒತ್ತಿಕೊಂಡು, ಮೆಟ್ಟಿಲುಗಳುಳ್ಳ ಕಲ್ಲಿನ ಕೊಳವೊಂದುಂಟು. ಆ ಮನೆಯ ಮೂರು ತಲೆಮಾರಿನ ಮಕ್ಕಳು ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನು ಕಟ್ಟಿಕೊಂಡು ಈಜು ಕಲಿತದ್ದು ಅಲ್ಲಿಯೇ. ಯಜಮಾನರ ಮೊಮ್ಮಕ್ಕಳಾದರೋ ಬೆಂಗಳೂರಿನವರು. ತಳದ ಗೆರೆ ಕಾಣುವಂತಹ ನೀಲಿ ಕೊಳದಲ್ಲಿ ಈಜಿ ಅಭ್ಯಾಸವಾದವರು. ರಜಕ್ಕೆ ಬಂದ ಅವರು ಪಾಚಿಯನ್ನು ನೋಡಿ ಮೂಗು ಮುಚ್ಚಿಕೊಂಡರು. ಮುಂದಿನ ಬೇಸಗೆಗೆ ಬಾರದೆಯೇ ಹೋಗುವರೇನೋ ಎಂಬ ಅಂಜಿಕೆ ಮುದುಕರ ಮನಸ್ಸಿನಲ್ಲಿ ಹೊಕ್ಕಿತು. ಕೊಳವನ್ನು ಬರಿದು ಮಾಡಿಸಿದರು. ಗೋಡೆಗೆಲ್ಲ ಸಿಮೆಂಟಿನ ಗಿಲಾವು, ಮೆಟ್ಟಿಲಿಗೆ ನೀಲಿ ಟೈಲು ಎಂದು ಒಪ್ಪಂದವಾಯಿತು. ಹಬ್ಬಕ್ಕೆ ಮುಂಚೆ ಮುಗಿಯಬೇಕೆಂದು ಅವಸರಪಡಿಸಿದವರೂ ಅವರೇ.

ಕೆಲಸ ಮುಗಿದ ದಿನ ಕೊಳವು ಮದುವೆಯ ಮನೆಯಂತೆ ಹೊಳೆಯಿತು. ಮೊದಲ ಮುಂಗಾರಿನಲ್ಲಿ ಗುಡ್ಡದ ಕಡೆಯ ಗಿಲಾವು ಹಪ್ಪಳದಂತೆ ಉಬ್ಬಿತು. ಬೆರಳ ಗೆಣ್ಣಿನಿಂದ ಬಡಿದರೆ ಟೊಳ್ಳು ಶಬ್ದ. ಎಂಟು ದಿನಗಳಲ್ಲಿ ಹಾಳೆಹಾಳೆಯಾಗಿ ಬಿದ್ದಿತು. ಟ್ಯಾಂಕರಿನಿಂದ ತುಂಬಿಸಿದ ನೀರು ದಿನದಿನಕ್ಕೆ ಇಳಿಯಿತು. ಇವೆಲ್ಲಕ್ಕೂ ಮೇಲಾಗಿ, ಗಂಗಾಪೂಜೆಗೆಂದು ಮೆಟ್ಟಿಲಿಳಿದ ಯಜಮಾನರ ತಾಯಿ ನುಣುಪಾದ ಟೈಲಿನ ಮೇಲೆ ಜಾರಿ ಮಣಿಕಟ್ಟನ್ನು ಮುರಿದುಕೊಂಡರು. ಎಂಬತ್ತು ವರ್ಷ ಒರಟು ಕಲ್ಲಿನ ಮೇಲೆ ಜಾರದವರು!

ಯಜಮಾನರು ಕೊನೆಯ ಕಂತನ್ನು ತಡೆಹಿಡಿದರು. ಮೇಸ್ತ್ರಿಯು ಆಳುಗಳ ಕೂಲಿಗೆಂದು ಮೂರು ಸಾರಿ ಬಂದು ಬರಿಗೈಯಲ್ಲಿ ಹೋದನು. ನಾಲ್ಕನೆಯ ಸಾರಿ ಮಾತು ಬೆಳೆಯಿತು.

“ಮಾರಿಕಣಿವೆಯನ್ನು ಸುಣ್ಣ ಸುರ್ಕಿಯ ಗಾರೆಯಲ್ಲಿ ಕಟ್ಟಿದರು; 1907ರಲ್ಲಿ ಮುಗಿದದ್ದು ಇನ್ನೂ ನಿಂತಿದೆ. ನಿನ್ನ ಸಿಮೆಂಟು ಒಂದು ಮಳೆಗೆ ನಿಲ್ಲಲಿಲ್ಲವಲ್ಲ!”

“ಯಜಮಾನರೆ, ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ 2022ರಲ್ಲಿಯೇ. ಅದಕ್ಕೆ ವರ್ಷವರ್ಷವೂ ಪರೀಕ್ಷೆಯಿಲ್ಲ. ನಿಮ್ಮ ನೀರು ಬಿಸಿಲಿಗೆ ಆರುತ್ತದೆ, ಸೋರುವುದಿಲ್ಲ.”

ಹಿರಿಯೂರಿನ ಆ ಕಟ್ಟಡಕ್ಕೆ ಮೇಸ್ತ್ರಿ ಹೇಳಿದ ಮಾತು ನ್ಯಾಯವಲ್ಲ. ತುಂಬದಿದ್ದರೂ ನೀರಿನ ಭಾರವನ್ನು ಅದು ಹೊತ್ತೇ ಇದ್ದಿತು. ಆದರೆ ಜಗಳದಲ್ಲಿ ಉತ್ತರವು ಚುರುಕಾಗಿದ್ದರೆ ಸಾಕಾಗುತ್ತದೆ.

ನಿವೃತ್ತ ಉಪಾಧ್ಯಾಯರಾದ ಯಜಮಾನರ ಭಾವಮೈದುನರು ಅಂದು ಅಲ್ಲಿದ್ದರು. ಅವರು ಒಂದು ಬಕೀಟನ್ನು ತರಿಸಿ, ಕೊಳದ ನೀರನ್ನೇ ತುಂಬಿ, ನೀರಿನಲ್ಲಿ ಅರ್ಧ ಮುಳುಗುವಂತೆ ಮೆಟ್ಟಿಲ ಮೇಲಿರಿಸಿದರು. ಬಕೀಟಿನ ಒಳಗೊಂದು ಗೆರೆ, ಕೊಳದ ಗೋಡೆಗೊಂದು ಗೆರೆ. ಬಿಸಿಲೂ ಗಾಳಿಯೂ ಎರಡಕ್ಕೂ ಒಂದೇ. ಆರುವುದಾದರೆ ಎರಡೂ ಸಮನಾಗಿ ಇಳಿಯಬೇಕು. ಎರಡು ದಿನಗಳ ಮೇಲೆ ಮೇಸ್ತ್ರಿಯ ಕೈಯಲ್ಲಿಯೇ ಅಳೆಯಿಸಿದರು. ಬಕೀಟಿನಲ್ಲಿ ಅರ್ಧ ಅಂಗುಲವೂ ಇಳಿದಿರಲಿಲ್ಲ. ಕೊಳದಲ್ಲಿ ನಾಲ್ಕು ಅಂಗುಲ ಇಳಿದಿತ್ತು. ಮೇಸ್ತ್ರಿ ಏನೂ ಹೇಳದೆ ಅಳತೆಯ ಪಟ್ಟಿಯನ್ನು ಸುತ್ತಿ ಜೇಬಿಗಿಟ್ಟುಕೊಂಡನು.

ಇನ್ನು ಸೋರುವುದೆಲ್ಲಿ? ಉಪಾಧ್ಯಾಯರು ಕಾಯಿರಿ ಎಂದರು. ರಂಧ್ರವಿರುವ ಮಟ್ಟಕ್ಕೆ ಬಂದ ಮೇಲೆ ನೀರು ತಾನಾಗಿ ನಿಲ್ಲುತ್ತದೆ. ಒಂಬತ್ತನೆಯ ದಿನ ಕೆಳಗಿನಿಂದ ನಾಲ್ಕನೆಯ ಮೆಟ್ಟಿಲಿನ ಬಳಿ ನಿಂತಿತು. ಆ ಮಟ್ಟದಲ್ಲಿ ಉಳಿಯಿಂದ ಗಿಲಾವನ್ನು ಕೆತ್ತಿಸಿದಾಗ ಹಳೆಯ ತೂಬಿನ ಬಾಯಿ ಕಂಡಿತು. ಯಾರೋ ಆಳು ಅದಕ್ಕೆ ಇಟ್ಟಿಗೆಯ ಚೂರನ್ನು ತುರುಕಿ ಮೇಲೆ ಗಾರೆ ಮೆತ್ತಿದ್ದನು. ಕೆಳಗಣ ಒಂದು ಸಾಲಿನ ಅಡಕೆಯ ಮರಗಳು ಮಾತ್ರ ಕಡುಹಸುರಾಗಿದ್ದುದು ಏಕೆಂದು ಆಗ ತಿಳಿಯಿತು.

ಗುಡ್ಡದ ಕಡೆಯ ಗೋಡೆಯದು ಇನ್ನೂ ಸೂಕ್ಷ್ಮವಾದ ವಿಷಯ. ಮಳೆಗಾಲದಲ್ಲಿ ಗುಡ್ಡದ ಮಣ್ಣಿನಲ್ಲಿ ಇಂಗಿದ ನೀರು ಗಾರೆಯಿಲ್ಲದ ಕಲ್ಲಿನ ಸಂದುಗಳಿಂದ ಒಸರಿ ಒಳಗೆ ಬರುತ್ತಿದ್ದಿತು. ಕೊಳ ತುಂಬುತ್ತಿದ್ದುದೇ ಅದರಿಂದ. ಸಂದುಗಳನ್ನು ಮುಚ್ಚಿದ ಮೇಲೆ ಅದು ಗೋಡೆಯ ಹಿಂದೆ ನಿಂತು ಗಿಲಾವನ್ನು ಮುಂದಕ್ಕೆ ನೂಕಿತು. ಬರುವ ನೀರಿಗೆ ಬಾಗಿಲು ಹಾಕಿ ಟ್ಯಾಂಕರಿಗೆ ಹಣ ತೆತ್ತಂತಾಯಿತು. ಚಿತ್ರದುರ್ಗದ ಕೋಟೆಯನ್ನು ಹತ್ತಿದವರು ಈ ವಿವೇಕವನ್ನು ದೊಡ್ಡ ಪ್ರಮಾಣದಲ್ಲಿ ಕಂಡಿರುತ್ತಾರೆ. ಬಂಡೆಯ ಮೇಲೆ ಸುರಿದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅಲ್ಲಿ ಹೆಚ್ಚಿದುದು ಅಕ್ಕತಂಗಿಯರ ಹೊಂಡಕ್ಕೆ, ಮುಂದೆ ಊರೊಳಗಿನ ಸಿಹಿನೀರು ಹೊಂಡಕ್ಕೂ ಸಂತೆಹೊಂಡಕ್ಕೂ ಇಳಿಯುವಂತೆ ದಾರಿ ಮಾಡಿದ್ದರು. ಅಲ್ಲಿಯ ಕೆಲಸಗಾರರ ಹೆಸರು ಯಾರಿಗೂ ತಿಳಿಯದು. ಚಂದ್ರವಳ್ಳಿಯ ಬಂಡೆಯ ಮೇಲೆ ಕೆರೆ ಕಟ್ಟಿಸಿದ ಮಯೂರಶರ್ಮನ ಹೆಸರೇನೋ ಉಂಟು. ಕಲ್ಲು ಹೊತ್ತವರದು ಅಲ್ಲಿಯೂ ಇಲ್ಲ.

ಮೇಸ್ತ್ರಿಯು ಎರಡು ತಪ್ಪುಗಳನ್ನು ಒಪ್ಪಿಕೊಂಡನು: ಪಾಚಿಯನ್ನು ಚೆನ್ನಾಗಿ ಉಜ್ಜಿ ತೆಗೆಯದೆ ಗಾರೆ ಹಾಕಿದ್ದು, ಹಾಕಿದ ಗಾರೆಗೆ ವಾರದ ಮಟ್ಟಿಗಾದರೂ ನೀರುಣಿಸದೆ ಬಿಟ್ಟದ್ದು. “ವಾರ ಕಾಯಲು ನೀವು ಬಿಟ್ಟಿರಾ?” ಎಂದೂ ಕೇಳಿದನು. ಯಜಮಾನರು ಉತ್ತರ ಕೊಡಲಿಲ್ಲ. ಒಳಗಿನಿಂದ ಅವರ ತಾಯಿ, ಕೈಗೆ ಹಾಕಿದ್ದ ಕಟ್ಟಿನೊಡನೆಯೇ ಹೊರಬಂದು, “ಆಳುಗಳ ಕೂಲಿ ಕೊಟ್ಟುಬಿಡಪ್ಪ, ಅವರೇನು ಮಾಡಿದರು? ಮಿಕ್ಕದ್ದನ್ನು ನೀವಿಬ್ಬರೂ ನೋಡಿಕೊಳ್ಳಿ” ಎಂದರು.

ಕೂಲಿ ಅಂದೇ ಸಂದಿತು. ಮೇಸ್ತ್ರಿಯು ತನ್ನ ಲಾಭದ ಪಾಲನ್ನು ಕೇಳದೆ ಹದಿನೈದು ದಿನ ದುಡಿದು, ಗುಡ್ಡದ ಕಡೆಯ ಗಿಲಾವನ್ನೆಲ್ಲ ಕಿತ್ತು ಕಲ್ಲನ್ನು ಬರಿದಾಗಿಯೇ ಬಿಟ್ಟನು. ತೂಬಿಗೆ ತೆಗೆದು ಹಾಕುವಂತಹ ಕಲ್ಲಿನ ಬೆಣೆಯನ್ನು ಮಾಡಿಸಿಕೊಟ್ಟನು. ಮೆಟ್ಟಿಲುಗಳು ಮತ್ತೆ ಒರಟಾದವು. ಬೇಸಗೆಯಲ್ಲಿ ಮೊಮ್ಮಕ್ಕಳು ಬಂದರು. ಕಿರಿಯವಳು ಒಂದು ದಿನವೆಲ್ಲ ದಡದಲ್ಲಿಯೇ ಕುಳಿತಿದ್ದು, ಎರಡನೆಯ ದಿನ ಸೋರೆಬುರುಡೆಯನ್ನು ಕೇಳಿದಳು.

ಒಡೆಯದೆ ಉಳಿದ ನೀಲಿ ಟೈಲುಗಳು ಈಗ ಕೊಟ್ಟಿಗೆಯಲ್ಲಿ ದನಗಳ ಬಾನಿಗೆ ಒಳಮೈಯಾಗಿವೆ.