ಧಾಟಿ ಯಾರದು?



2008ರ ಏಪ್ರಿಲ್‌ನಲ್ಲಿ ನಾನೂ ನನ್ನ ಶ್ರೀಮತಿಯೂ ಮಗಳ ಮನೆಗೆಂದು ಕೆನಡಾಕ್ಕೆ ಹೋಗಿ ಮೂರು ತಿಂಗಳು ಇದ್ದು ಬಂದೆವು. ಟೊರಾಂಟೊ ನಗರದ ಮಗ್ಗುಲಲ್ಲಿರುವ ಮಿಸ್ಸಿಸ್ಸಾಗಾದಲ್ಲಿ ಅವರ ವಾಸ. ನಯಾಗರಾ ಜಲಪಾತವನ್ನು ಕಂಡು ಬೆರಗಾದ ವಿಚಾರವನ್ನು ಅನೇಕರಲ್ಲಿ ಹೇಳಿಕೊಂಡಿದ್ದೇನೆ. ಆದರೆ ಆ ಪ್ರವಾಸದಿಂದ ನಾನು ಹೊತ್ತು ತಂದ ಇನ್ನೊಂದು ಸಂಗತಿಯನ್ನು ಇಷ್ಟು ವರ್ಷ ಯಾರಲ್ಲಿಯೂ ಹೇಳಿರಲಿಲ್ಲ. ಇಂದು ಅದನ್ನು ಹೇಳಬೇಕಾಗಿದೆ.

ಆ ದೇಶದಲ್ಲಿ ಹಾಕಿ ಎಂದರೆ ನಮ್ಮ ಮೈದಾನದ ಹಾಕಿಯಲ್ಲ. ಮಂಜುಗಡ್ಡೆಯ ಮೇಲೆ ಜಾರುಬೂಟು ಕಟ್ಟಿಕೊಂಡು, ರಬ್ಬರಿನ ಬಿಲ್ಲೆಯೊಂದನ್ನು ಬೆನ್ನಟ್ಟುವ ಆಟ. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಸಿ.ಬಿ.ಸಿ.ಯಲ್ಲಿ ಶನಿವಾರ ರಾತ್ರಿ 'ಹಾಕಿ ನೈಟ್ ಇನ್ ಕೆನಡಾ' ಎಂಬ ಕಾರ್ಯಕ್ರಮ ಬರುವುದು ತಲೆಮಾರುಗಳಿಂದ ನಡೆದು ಬಂದ ಪದ್ಧತಿ. ನಾವು ಹೋದ ಕಾಲದಲ್ಲಿ ಸ್ಟ್ಯಾನ್ಲಿ ಕಪ್ಪಿನ ಅಂತಿಮ ಘಟ್ಟದ ಪಂದ್ಯಗಳು ನಡೆಯುತ್ತಿದ್ದುದರಿಂದ ಶನಿವಾರವೇ ಆಗಬೇಕೆಂದಿರಲಿಲ್ಲ. ವಾರದಲ್ಲಿ ಹಲವು ರಾತ್ರಿ ಆಟವಿರುತ್ತಿತ್ತು. ತುತ್ತೂರಿಗಳು ಮೊಳಗುವ ಆ ಮುನ್ನುಡಿಯ ಸಂಗೀತ ಕೇಳಿಬಂದೊಡನೆ ಎಂಟು ವರ್ಷದ ಮೊಮ್ಮಗ ಊಟದ ತಟ್ಟೆಯನ್ನು ಹಿಡಿದುಕೊಂಡೇ ಟಿ.ವಿ.ಯ ಮುಂದೆ ಓಡುತ್ತಿದ್ದನು. ಆಟದ ನಿಯಮ ನನಗೆ ಕಡೆಯವರೆಗೂ ಅರ್ಥವಾಗಲಿಲ್ಲ. ಆದರೆ ಒಂದು ತಿಂಗಳೊಳಗೆ ಸ್ನಾನ ಮಾಡುವಾಗ ಆ ಧಾಟಿಯನ್ನು ನಾನೇ ಗುನುಗುತ್ತಿದ್ದೇನೆಂದು ಶ್ರೀಮತಿ ಪತ್ತೆ ಮಾಡಿದರು. ಅದಕ್ಕೆ ಸಾಹಿತ್ಯವಿಲ್ಲ, ಬರಿಯ ವಾದ್ಯಸಂಗೀತ. ಆದರೂ ಅಲ್ಲಿನ ಜನ ಅದನ್ನು ತಮ್ಮ ಎರಡನೆಯ ರಾಷ್ಟ್ರಗೀತೆ ಎನ್ನುತ್ತಿದ್ದರು.

ಜೂನ್ ಮೊದಲ ವಾರದಲ್ಲಿ ಪಂದ್ಯಗಳು ಮುಗಿದವು. ಅದರೊಡನೆಯೇ ಆ ಸಂಗೀತವನ್ನು ಬಳಸಲು ಸಿ.ಬಿ.ಸಿ.ಗೆ ಇದ್ದ ಪರವಾನಗಿಯೂ ಮುಗಿಯಿತು. ಹೊಸ ಒಪ್ಪಂದದ ಮಾತುಕತೆ ಮುರಿದುಬಿತ್ತೆಂಬ ವಾರ್ತೆ ಬಂದ ಕೆಲವೇ ದಿನಗಳಲ್ಲಿ, ಪ್ರತಿಸ್ಪರ್ಧಿಯಾದ ಸಿ.ಟಿ.ವಿ. ಸಂಸ್ಥೆಯು ಆ ಧಾಟಿಯ ಹಕ್ಕನ್ನು ಶಾಶ್ವತವಾಗಿ ಕೊಂಡುಕೊಂಡಿತು. ನಲವತ್ತು ವರ್ಷ ಒಂದೇ ಮನೆಯಲ್ಲಿ ಬೆಳಗಿದ ದೀಪವನ್ನು ಪಕ್ಕದ ಮನೆಯವರು ಎತ್ತಿಕೊಂಡು ಹೋದಂತಾಯಿತು. ಪತ್ರಿಕೆಗಳಲ್ಲಿ ಅದೇ ಸುದ್ದಿ, ಉದ್ಯಾನದಲ್ಲಿ ವಾಯುಸೇವನೆಗೆ ಬರುವ ವೃದ್ಧರ ಬಾಯಲ್ಲಿಯೂ ಅದೇ ಮಾತು.

ಮೊಮ್ಮಗ ಕೇಳಿದನು: "ಅಜ್ಜಾ, ಹಾಡನ್ನು ಯಾರಾದರೂ ಕೊಂಡುಕೊಳ್ಳಬಹುದಾ?"

ಮೂವತ್ತನಾಲ್ಕು ವರ್ಷ ಪಾಠ ಹೇಳಿದ ನನಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಬದಲಾಗಿ ಕೋಪ ಬಂದಿತು. ಇದನ್ನು ರಚಿಸಿದವರು ಎಂಬತ್ತು ವರ್ಷದ ಹೆಂಗಸಂತೆ, ಈ ವಯಸ್ಸಿನಲ್ಲಿ ಇಷ್ಟು ಜನರ ಸಂತೋಷಕ್ಕಿಂತ ಹಣ ಹೆಚ್ಚಾಯಿತೇ ಎಂದು ಗೊಣಗಿದೆ. ನನ್ನ ಅಳಿಯ ಮಿತಭಾಷಿ. ಅಂದು ಮಾತ್ರ ಪತ್ರಿಕೆಯನ್ನು ಮಡಿಸಿಟ್ಟು, "ಮಾವ, ಇಷ್ಟು ವರ್ಷ ಕೇಳಿದ್ದೇನೆ, ಆಕೆಯ ಹೆಸರು ಈ ವಾರದವರೆಗೆ ನನಗೆ ಗೊತ್ತೇ ಇರಲಿಲ್ಲ" ಎಂದನು.

ಆ ಹೆಸರು ಡೊಲೊರೆಸ್ ಕ್ಲೇಮನ್. 1927ರಲ್ಲಿ ವ್ಯಾಂಕೂವರ್‌ನಲ್ಲಿ ಜನಿಸಿ, ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಕಲಿತವರು. ಜಾಹೀರಾತುಗಳಿಗೆ ಸಂಗೀತ ಒದಗಿಸುವುದು ಅವರ ವೃತ್ತಿಯಾಗಿತ್ತು. 1968ರಲ್ಲಿ ಜಾಹೀರಾತು ಸಂಸ್ಥೆಯೊಂದು ಕೇಳಿದ್ದರಿಂದ ಈ ಧಾಟಿಯನ್ನು ರಚಿಸಿದರು. ಆ ವೇಳೆಗೆ ಅವರು ಮೈದಾನಕ್ಕೆ ಹೋಗಿ ಒಂದು ಹಾಕಿ ಪಂದ್ಯವನ್ನೂ ನೋಡಿರಲಿಲ್ಲವಂತೆ! ಪ್ರಾಚೀನ ರೋಮಿನ ಮಲ್ಲಯೋಧರು ಕಾಲಿಗೆ ಜಾರುಬೂಟು ಕಟ್ಟಿಕೊಂಡು ಕಣಕ್ಕಿಳಿದರೆ ಹೇಗಿದ್ದೀತೆಂದು ಕಲ್ಪಿಸಿಕೊಂಡು ಬರೆದರಂತೆ. ದೇಶಕ್ಕೆ ದೇಶವೇ ಗುನುಗಿದ ಆ ಧಾಟಿಗೆ, ಪ್ರಸಾರವೊಂದಕ್ಕೆ ಸುಮಾರು 500 ಡಾಲರ್ ಸಲ್ಲುತ್ತಿತ್ತೆಂದು ಅಂದಿನ ಪತ್ರಿಕೆಗಳು ಬರೆದಿದ್ದವು. ಒಪ್ಪಂದದ ಮಿತಿಯನ್ನು ಮೀರಿ ಬಳಸಲಾಗಿದೆಯೆಂದು 2004ರಲ್ಲಿಯೇ ಆಕೆಯ ಕಡೆಯಿಂದ ಮೊಕದ್ದಮೆ ಹೂಡಲಾಗಿತ್ತು. ಸಾರ್ವಜನಿಕರ ಹಣದಿಂದ ನಡೆಯುವ ಸಂಸ್ಥೆ ಕೇಳಿದಷ್ಟನ್ನೆಲ್ಲ ಕೊಡಲಾಗದೆಂಬ ಮಾತಿನಲ್ಲಿಯೂ ನ್ಯಾಯವಿದೆ. ಯಾರ ಪಕ್ಷ ಎಷ್ಟು ಸರಿ ಎಂದು ತೂಗುವುದು ನನ್ನ ಕೆಲಸವಲ್ಲ. ಆದರೆ ಒಂದು ಸಂಗತಿ ನನ್ನನ್ನು ಚುಚ್ಚಿತು. ಹಾಡು ಕೈತಪ್ಪಿದ ಮೇಲೆಯೇ ಎಷ್ಟೋ ಮನೆಗಳಲ್ಲಿ ಹಾಡು ಕಟ್ಟಿದವಳ ಹೆಸರು ಕೇಳಿಬಂದಿತು.

ನಮ್ಮ ಕಥೆಯೇನು ಬೇರೆ? ಬೆಳಗಿನ ಜಾವ ರೇಡಿಯೋ ತಿರುಗಿಸಿದರೆ ಕೇಳಿಬರುತ್ತಿದ್ದ ಆಕಾಶವಾಣಿಯ ಸಂಕೇತ ಸಂಗೀತವನ್ನು ಕೇಳುತ್ತಲೇ ನಾವೆಲ್ಲ ಬೆಳೆದೆವು. ಅದನ್ನು 1936ರಲ್ಲಿ ರಚಿಸಿದವರು ವಾಲ್ಟರ್ ಕಾಫ್‌ಮನ್, ಹಿಟ್ಲರನ ಕಾಲದಲ್ಲಿ ಯುರೋಪನ್ನು ತೊರೆದು ಮುಂಬಯಿಗೆ ಬಂದ ಯಹೂದಿ ಸಂಗೀತಗಾರರು ಎಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ.

ಸಿ.ಬಿ.ಸಿ. ಹೊಸ ಧಾಟಿಗಾಗಿ ಇಡೀ ದೇಶಕ್ಕೆ ಸ್ಪರ್ಧೆಯನ್ನು ಏರ್ಪಡಿಸಿತು; ಬಹುಮಾನ 1,00,000 ಡಾಲರ್. 14,000ಕ್ಕೂ ಹೆಚ್ಚು ರಚನೆಗಳು ಬಂದವು. ಅಕ್ಟೋಬರಿನಲ್ಲಿ ಗೆದ್ದವರು ಆಲ್ಬರ್ಟಾ ಪ್ರಾಂತ್ಯದ ಕಾಲಿನ್ ಓಬರ್ಸ್ಟ್. ವೃತ್ತಿಯಿಂದ ಶಾಲಾ ಮೇಷ್ಟರು! ಅಷ್ಟು ಹೊತ್ತಿಗೆ ನಾವು ಊರಿಗೆ ಮರಳಿದ್ದೆವು. ಮಗಳು ದೂರವಾಣಿಯಲ್ಲಿ ತಿಳಿಸಿದಾಗ ನನ್ನ ಎದೆ ಕೊಂಚ ಉಬ್ಬಿದ್ದು ನಿಜ. ಹಳೆಯ ಧಾಟಿ ಸಿ.ಟಿ.ವಿ.ಯ ಬಳಗದ ಟಿ.ಎಸ್.ಎನ್. ಕ್ರೀಡಾವಾಹಿನಿಗೆ ಹೋಯಿತು, 2010ರ ವ್ಯಾಂಕೂವರ್ ಒಲಿಂಪಿಕ್ಸ್ ಪ್ರಸಾರದಲ್ಲಿಯೂ ಮೊಳಗಿತು. ಹೀಗೆ ಧಾಟಿಯೇನೋ ಉಳಿಯಿತು. ಆದರೆ ಮೊಮ್ಮಗನ ಶನಿವಾರದ ರಾತ್ರಿಗೆ ಅದು ಮರಳಿ ಬರಲಿಲ್ಲ.

ಇನ್ನು ನನ್ನ ಮಾತು. ನಮ್ಮ ಶಾಲೆಯ ಕ್ರೀಡಾದಿನದ ಹಾಡು ನಿಮಗೆಲ್ಲ ನೆನಪಿರಬೇಕು. ಕ್ರೀಡಾಜ್ಯೋತಿ ಮೈದಾನವನ್ನು ಸುತ್ತುವಾಗ ನೀವು ಸಾಲಾಗಿ ಹೆಜ್ಜೆ ಹಾಕುತ್ತ ಹಾಡುತ್ತಿದ್ದಿರಿ. 1974ರಲ್ಲಿ ಅದರ ನಾಲ್ಕು ನುಡಿಗಳನ್ನು ಬರೆದವನು ನಾನು. ಅದು ಅಂಥ ಉತ್ತಮ ಪದ್ಯವಲ್ಲವೆಂದು ಕನ್ನಡ ಮೇಷ್ಟರಾದ ನಾನೇ ಹೇಳಬಲ್ಲೆ. ಅದನ್ನು ನಿಮ್ಮ ನಾಲಗೆಯ ಮೇಲೆ ಉಳಿಸಿದ್ದು ಧಾಟಿ. ಆ ಧಾಟಿಯನ್ನು ಕಟ್ಟಿದವರು ನೀವು 'ಹಾಡಿನ ಟೀಚರ್' ಎಂದು ಕರೆಯುತ್ತಿದ್ದ ನಮ್ಮ ಸಂಗೀತ ಶಿಕ್ಷಕಿ. ಒಂದು ಬತ್ತಿದ ಹಾರ್ಮೋನಿಯಂ ಇಟ್ಟುಕೊಂಡು, ಶಾಲೆ ಬಿಟ್ಟ ಮೇಲೆ ಒಂದು ವಾರ ಕುಳಿತು, ಹೆಜ್ಜೆಗೆ ಹೊಂದುವಂತೆ ಮೂರು ಬಾರಿ ಬದಲಾಯಿಸಿದರು.

1986ರಲ್ಲಿ ಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನಾನು ಸಂಪಾದಕನಾಗಿದ್ದೆ. ಹಾಡನ್ನು ಮೊದಲ ಪುಟದಲ್ಲಿಯೇ ಅಚ್ಚು ಹಾಕಿಸಿದೆ. ಸಾಹಿತ್ಯ ಎಂದು ನನ್ನ ಹೆಸರನ್ನು ಕೊಟ್ಟೆ. ಧಾಟಿ ಎಂದು ಅವರ ಹೆಸರೂ ಕರಡಿನಲ್ಲಿತ್ತು. ಪುಟದಲ್ಲಿ ಸ್ಥಳ ಸಾಲದಾದಾಗ ಆ ಒಂದು ಸಾಲನ್ನು ಹೊಡೆದುಹಾಕಿದವನು ನಾನೇ. ಪದ್ಯಕ್ಕೆ ಕವಿಯಿರುತ್ತಾನೆ, ಧಾಟಿ ಎಲ್ಲರಿಗೂ ಸೇರಿದ್ದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರು ಸಂಚಿಕೆಯನ್ನು ತೆಗೆದುಕೊಂಡರು, ಪುಟ ತಿರುವಿದರು, ಏನನ್ನೂ ಹೇಳಲಿಲ್ಲ.

ಮಿಸ್ಸಿಸ್ಸಾಗಾದ ಆ ಸಂಜೆ ಅಳಿಯನ ಮಾತನ್ನು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಕರಡಿನ ಹಾಳೆ. ಊರಿಗೆ ಹೋದೊಡನೆ ಅವರನ್ನು ಕಾಣಬೇಕೆಂದುಕೊಂಡೆ. ಇಂದು ನಾಳೆ ಎನ್ನುತ್ತ ಹದಿಮೂರು ವರ್ಷ ಕಳೆದವು. ನಾಚಿಕೆಗೆ ನೆಪಗಳು ಬೇಗ ಸಿಗುತ್ತವೆ. 2021ರ ಜುಲೈನಲ್ಲಿ ಡೊಲೊರೆಸ್ ಕ್ಲೇಮನ್ ತಮ್ಮ 94ನೆಯ ವಯಸ್ಸಿನಲ್ಲಿ ಸ್ಪೇನಿನಲ್ಲಿ ತೀರಿಕೊಂಡ ಸುದ್ದಿಯನ್ನು, ಆ ವೇಳೆಗೆ ಕಾಲೇಜು ಸೇರಿದ್ದ ಮೊಮ್ಮಗನೇ ಕಳುಹಿಸಿದನು. ಮರುವಾರ ಬಸ್ಸು ಹತ್ತಿದೆ.

ಹಾಡಿನ ಟೀಚರ್ ಮಗನ ಮನೆಯಲ್ಲಿದ್ದರು. ಕಿವಿ ಮಂದವಾಗಿತ್ತು, ನೆನಪು ಮಂದವಾಗಿರಲಿಲ್ಲ. ನಾನು ಪೀಠಿಕೆ ಹಾಕುತ್ತಿರುವಾಗಲೇ ಅವರು ಕೇಳಿದರು:

"ಆ ಪುಸ್ತಕದಲ್ಲಿ ನನ್ನ ಹೆಸರು ಬಿಟ್ಟುಹೋಗಿತ್ತಲ್ಲ, ಅದರ ವಿಚಾರವೋ? ಅಚ್ಚಿನವರ ತಪ್ಪು ಅಂದುಕೊಂಡು ಸುಮ್ಮನಿದ್ದೆ ಮೇಷ್ಟ್ರೇ. ಅಚ್ಚಿನವರ ತಪ್ಪೇ ತಾನೆ?"

ಹೌದೆಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಅಲ್ಲ, ನಾನೇ ಹೊಡೆದುಹಾಕಿದ್ದು" ಎಂದೆ. ಮಂದ ಕಿವಿಗೆ ಕೇಳಿಸುವಂತೆ ಗಟ್ಟಿಯಾಗಿಯೇ ಹೇಳಬೇಕಾಯಿತು. ಅಡುಗೆಮನೆಯಲ್ಲಿದ್ದ ಸೊಸೆಯೂ ಹೊರಗೆ ಬಂದರು. ಅವರು ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದು, ಸೊಸೆಗೆ ಕಾಫಿ ತರಲು ಹೇಳಿದರು. ಮನ್ನಿಸಿದೆನೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೊರಡುವಾಗ, ಕಂಪ್ಯೂಟರಿನಲ್ಲಿ ನನ್ನ ಲೇಖನಗಳು ಬರುತ್ತವೆ, ಅಲ್ಲಿ ನಿಮ್ಮ ಹೆಸರನ್ನು ಬರೆಯುತ್ತೇನೆ ಎಂದೆ.

"ಅಲ್ಲೆಲ್ಲ ಬೇಡ. ಎಲ್ಲಿ ಬಿಟ್ಟಿರೋ ಅಲ್ಲಿ ಬರೆಯಿರಿ" ಎಂದರು.

ನನ್ನ ಪ್ರತಿಯಲ್ಲಿ ಅಂದೇ ಬರೆದೆ. ಆದರೆ ಆ ಸಂಚಿಕೆಯ ಐನೂರು ಪ್ರತಿಗಳು ನಿಮ್ಮ ನಿಮ್ಮ ಮನೆಗಳಿಗೆ ಹಂಚಿಹೋಗಿವೆ. ಇದನ್ನು ನಿಮಗೆ ತಿಳಿಸಲು ನಾನು ಮತ್ತೆ ಇಷ್ಟು ವರ್ಷ ತಡಮಾಡಿದೆನೆಂಬುದೂ ನನ್ನ ಲೆಕ್ಕಕ್ಕೇ ಸೇರಲಿ. ಅಟ್ಟದ ಮೇಲೋ ಟ್ರಂಕಿನಲ್ಲೋ ನಿಮ್ಮ ಪ್ರತಿ ಇದ್ದರೆ ದಯವಿಟ್ಟು ತೆಗೆಯಿರಿ. ಮೊದಲ ಪುಟದಲ್ಲಿ ನನ್ನ ಹೆಸರಿನ ಕೆಳಗೆ, ಧಾಟಿ ಎಂದು ಬರೆದು, ಅವರ ಹೆಸರನ್ನು ಶಾಯಿಯಲ್ಲಿ ಬರೆಯಿರಿ. ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ, ಅವರು ಬೇಡವೆಂದಿದ್ದಾರೆ. ಹೇಳಬೇಕಾಗಿಯೂ ಇಲ್ಲ, ನಿಮಗೆ ಗೊತ್ತಿದೆ.